ನಲವತ್ತೇಳನೆಯ ಪ್ರಶ್ನೆ

ಆ ಬೀದಿಗಳಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಫಾರಂ ಅಕ್ಕ ಅಂದರೆ ಸಾಕು, ಆಗಷ್ಟೇ ಮಾತು ಕಲಿತ ಮಗುವೂ ಅವಳು ಯಾವ ಮನೆಯಲ್ಲಿ ಕೂತಿದ್ದಾಳೆಂದು ಬೆರಳು ಮಾಡಿ ತೋರಿಸುತ್ತಿತ್ತು. ಮೂರು ತಿಂಗಳಿಗೊಮ್ಮೆ ಹೆಗಲಿಗೆ ಬೂದು ಬಣ್ಣದ ಚೀಲ, ಕೈಯಲ್ಲಿ ಕ್ಲಿಪ್ಪಿನ ಹಲಗೆ, ಕಿವಿಯ ಮೇಲೊಂದು ಪೆನ್ಸಿಲ್ಲು ಇಟ್ಟುಕೊಂಡು ಬರುತ್ತಿದ್ದಳು. ಅವಳನ್ನು ಕಂಡರೆ ಹೆಂಗಸರು ಒಲೆ ಸಣ್ಣಗೆ ಮಾಡಿ ಕುರ್ಚಿ ಎಳೆದು ಹಾಕುವರು. ಹೇಳಿ ಕೇಳಿ ಸರ್ವೆ ಮಾಡುವವಳು. ಬೇರೆ ಕಡೆ ಈ ಕೆಲಸದವರನ್ನು ಕಿಟಕಿಯಲ್ಲಿ ನೋಡಿದ ಕೂಡಲೇ ಮನೆಯಲ್ಲಿ ಯಾರೂ ಇಲ್ಲ ಎಂದು ಒಳಗಿನಿಂದಲೇ ಕೂಗಿ ಹೇಳುವ ಮಹಾನುಭಾವರಿದ್ದಾರೆ. ಅಕ್ಕನಿಗೆ ಮಾತ್ರ ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಬಾಗಿಲು ಹಾಕಿರಲಿಲ್ಲ.

ಕೊನೆಯ ಆರು ವರ್ಷ ಅವಳು ಮಾಡಿದ್ದು ಒಂದೇ ಸರ್ವೆ. ಹನ್ನೊಂದು ದೇಶಗಳಲ್ಲಿ, ಒಂದೇ ವಾರದಲ್ಲಿ, ಒಂದೇ ಫಾರಂ. ಬೆಲೆ ಏರಿದರೆ ಜನ ಯಾವುದನ್ನು ಕೊಳ್ಳುವುದು ಬಿಡುತ್ತಾರೆ, ಯಾವುದನ್ನು ಏನೇ ಆದರೂ ಬಿಡುವುದಿಲ್ಲ, ಸರ್ಕಾರ ಕೈ ಹಿಡಿದರೆ ಹೇಗಿರುತ್ತಾರೆ, ಕೈಬಿಟ್ಟರೆ ಹೇಗಿರುತ್ತಾರೆ ಎಂದು ತಿಳಿಯಲು ಸಮುದ್ರದಾಚೆಯ ಪಂಡಿತರು ಕೂಡಿಕೊಂಡು ಹೂಡಿದ ದೊಡ್ಡ ಸಂಶೋಧನೆ ಅದು. ಅಕ್ಕನ ವಾರ್ಡಿನಲ್ಲಿ ಅರವತ್ತನಾಲ್ಕು ಮನೆಗಳನ್ನು ಆರಿಸಿ ಕೊಟ್ಟಿದ್ದರು. ಪ್ರತಿ ಸಲವೂ ಅವೇ ಮನೆಗಳು, ಅವೇ ನೂರಹನ್ನೆರಡು ಪ್ರಶ್ನೆಗಳು. ಪ್ರಶ್ನೆಗಳನ್ನು ಯಾವ ಪುಣ್ಯಾತ್ಮ ಅನುವಾದ ಮಾಡಿದ್ದನೋ, ಕೆಲವನ್ನು ಓದಿದರೆ ಕೇಳುವವಳಿಗೇ ನಗು ಬರುತ್ತಿತ್ತು. ‘ಕಳೆದ ಮೂರು ತಿಂಗಳಲ್ಲಿ ನೀವು ಕೇವಲ ಸಂತೋಷಕ್ಕಾಗಿ ಏನನ್ನಾದರೂ ಕೊಂಡಿದ್ದೀರಾ?’ ಎಂದು ಕೇಳಿದ್ದಕ್ಕೆ ಮೂಲೆಮನೆಯ ಅಜ್ಜಿಯೊಬ್ಬಳು, ಅದು ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳು, ಇನ್ನೊಂದು ಸಲ ಬರುವಾಗ ನನಗೂ ಕಾಲು ಕೇಜಿ ಕಟ್ಟಿಸಿಕೊಂಡು ಬಾ ಎಂದಿದ್ದಳು. ಫಾರಮ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಹೌದು, ಇಲ್ಲ, ಗೊತ್ತಿಲ್ಲ ಎಂಬ ಮೂರೇ ಚೌಕ.

ಟ್ರೈನಿಂಗಿನಲ್ಲಿ ಹೇಳಿಕೊಟ್ಟ ನಿಯಮಗಳೂ ಹಾಗೇ ಕಡ್ಡಿ ಮುರಿದಂತಿದ್ದವು. ಪ್ರಶ್ನೆಯನ್ನು ಅಚ್ಚಾಗಿರುವಂತೆಯೇ ಓದಬೇಕು. ನಗಬಾರದು, ಅಯ್ಯೋ ಪಾಪ ಅನ್ನಬಾರದು, ಉತ್ತರ ಹೇಳಿಕೊಡಬಾರದು. ಒಂದೇ ಒಂದು ಪ್ರಶ್ನೆಯನ್ನೂ ಹಾರಿಸಬಾರದು. ಟ್ರೈನಿಂಗ್ ಕೊಟ್ಟ ಸೂಪರ್‌ವೈಸರು ಅಕ್ಕನಿಗಿಂತ ಹದಿನೈದು ವರ್ಷ ಚಿಕ್ಕವನು, ಒಳ್ಳೆಯವನು. ಕೊನೆಯ ನಿಯಮವನ್ನು ಎರಡು ಸಲ ಹೇಳಿದ್ದ. ಅಕ್ಕ ತಲೆಯಾಡಿಸಿದ್ದಳು.

ಮನೆಯಲ್ಲಿ ಗಂಡ, ಗಡಿಯಾರ ರಿಪೇರಿ ಮಾಡುವವನು, ಸಂಜೆ ಅಂಗಡಿಯಿಂದ ಬಂದು ಚಪ್ಪಲಿ ಬಿಡುತ್ತಲೇ ಅವಳನ್ನು ಛೇಡಿಸುತ್ತಿದ್ದ. ಊರವರಿಗೆಲ್ಲ ನೂರಹನ್ನೆರಡು ಪ್ರಶ್ನೆ, ನನ್ನ ಪಾಲಿಗೆ ಮಾತ್ರ ಊಟ ಆಯಿತಾ ಅನ್ನುವುದೊಂದೇ ಪ್ರಶ್ನೆ ನೋಡು ಎನ್ನುವನು. ಅದಕ್ಕೂ ನೀವು ನೆಟ್ಟಗೆ ಉತ್ತರ ಕೊಡುವುದಿಲ್ಲವಲ್ಲ ಎಂದು ಅವಳು ತಿರುಗಿಸುವಳು. ಮಕ್ಕಳಿಲ್ಲದ ಮನೆ, ಇಬ್ಬರೂ ಹೀಗೇ ಮಾತಾಡಿಕೊಂಡು ನಗುನಗುತ್ತಾ ವರ್ಷಗಳನ್ನು ಕಳೆದಿದ್ದರು.

ಒಬ್ಬರೂ ಬಾಗಿಲು ಹಾಕದ ಗುಟ್ಟೇನೆಂದು ಆಫೀಸಿನಲ್ಲಿ ಎಲ್ಲರೂ ಕೇಳುತ್ತಿದ್ದರು. ಅಕ್ಕ ನಕ್ಕು ಸುಮ್ಮನಾಗುತ್ತಿದ್ದಳು. ಗುಟ್ಟು ಅವಳ ಚೀಲದೊಳಗಿನ ಸಣ್ಣ ನೋಟ್‌ಬುಕ್ಕಿನಲ್ಲಿತ್ತು. ಮನೆಗೊಂದು ಪುಟ, ಪುಟದಲ್ಲಿ ಪ್ರಶ್ನೆಗಳ ನಂಬರು, ಕೆಲವು ನಂಬರುಗಳ ಪಕ್ಕದಲ್ಲಿ ಪೆನ್ಸಿಲ್ಲಿನ ಒಂದು ಚುಕ್ಕೆ. ಚುಕ್ಕೆ ಇದ್ದ ಪ್ರಶ್ನೆ ಆ ಮನೆಯವರಿಗೆ ನೋವು ಕೊಡುವ ಪ್ರಶ್ನೆ. ಅದನ್ನು ಆ ಮನೆಯಲ್ಲಿ ಕೇಳುವುದಿಲ್ಲ. ಬೀದಿಗೆ ಬಂದ ಮೇಲೆ ಗೋಡೆಗೆ ಒರಗಿ ನಿಂತು ತಾನೇ ಒಂದು ಉತ್ತರ ಗುರುತು ಹಾಕಿಬಿಡುವುದು. ಆ ಮನೆಯವರ ಮರ್ಯಾದೆ ಉಳಿಯುವಂಥ ಉತ್ತರ.

ಇದರ ಬೇರು ಎಲ್ಲಿತ್ತೆಂದು ಅವಳಿಗೆ ಗೊತ್ತಿತ್ತು. ಅವಳು ಎಂಟು ವರ್ಷದ ಹುಡುಗಿಯಾಗಿದ್ದಾಗ ಯಾವುದೋ ಇಲಾಖೆಯವನೊಬ್ಬ ಮನೆಗೆ ಬಂದು, ಅಕ್ಕಪಕ್ಕದವರು ನೋಡುತ್ತಾ ನಿಂತಿರುವಾಗಲೇ, ದಿನಕ್ಕೆ ಎಷ್ಟು ಹೊತ್ತು ಊಟ ಮಾಡುತ್ತೀರಿ ಎಂದು ಅವಳ ಅಪ್ಪನನ್ನು ಗಟ್ಟಿಯಾಗಿ ಕೇಳಿದ್ದ. ಅಪ್ಪ ಮೂರು ಹೊತ್ತು ಎಂದ. ಆ ದಿನಗಳಲ್ಲಿ ಅವರು ಉಣ್ಣುತ್ತಿದ್ದದ್ದು ಒಂದೇ ಹೊತ್ತು. ಹಾಗೆ ಹೇಳುವಾಗ ಅಪ್ಪನ ಮುಖ ಹೇಗಾಯಿತೆಂಬುದನ್ನು ಆ ಹುಡುಗಿ ಸಾಯುವ ತನಕ ಮರೆಯುವಂತಿರಲಿಲ್ಲ. ಮುಂದೆ ತಾನೇ ಪ್ರಶ್ನೆ ಕೇಳುವವಳಾದಾಗ, ನನ್ನಿಂದ ಯಾರ ಮುಖವೂ ಹಾಗಾಗುವುದು ಬೇಡ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ಇಷ್ಟೇ ಆಗಿದ್ದರೆ ದೊಡ್ಡ ಗುಣ ಅನ್ನಬಹುದಿತ್ತು. ಆದರೆ ಹೋದ ಮನೆಯಲ್ಲೆಲ್ಲ ಕುರ್ಚಿ ಸಿಗುವುದು, ವರ್ಷಕ್ಕೊಮ್ಮೆ ಆಫೀಸಿನಲ್ಲಿ ಎಲ್ಲರೆದುರು ಬೆನ್ನು ತಟ್ಟಿಸಿಕೊಳ್ಳುವುದು ಅವಳಿಗೆ ಹಿಡಿಸಿಬಿಟ್ಟಿತ್ತು. ಕರುಣೆ ಎಷ್ಟು, ಹೆಮ್ಮೆ ಎಷ್ಟು ಎಂದು ಅಳೆಯಲು ಅವಳು ಆಗ ಹೋಗಲಿಲ್ಲ.

ಮೂವತ್ತೆಂಟನೆಯ ಮನೆ ಒಬ್ಬ ದರ್ಜಿಯದು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಇಸ್ತ್ರಿ ಮೇಜು, ಗೋಡೆಯ ಮೊಳೆಗೆ ನೇತುಹಾಕಿದ ಅರ್ಧ ಹೊಲಿದ ಅಂಗಿಗಳು. ಹಿಂದೆ ಅಡುಗೆಮನೆ, ಅದರಾಚೆ ಬಟ್ಟೆ ಒಣಗಿಸುವಷ್ಟು ಹಿತ್ತಲು. ಕಾಲರ್ ಕೂರಿಸುವುದರಲ್ಲಿ ಅವನ ಕೈ ಹೆಸರುವಾಸಿ. ಬೇರೆ ದರ್ಜಿಗಳೂ ಕಾಲರ್ ಮಾತ್ರ ಅವನಿಗೆ ತಂದು ಕೊಟ್ಟು ಹೋಗುತ್ತಿದ್ದರು. ಹೆಂಡತಿ ಗುಂಡಿ ಹಚ್ಚಿ, ಕಾಜಾ ಮಾಡಿ, ಅಂಚು ಮಡಚಿ ಹೊಲಿಯುವಳು. ಮಾತು ಅವಳದು, ಮೌನ ಅವನದು ಎಂದು ಗಂಡಹೆಂಡಿರು ಹಂಚಿಕೊಂಡಂತಿತ್ತು.

ಆರು ವರ್ಷದ ಹಿಂದೆ, ಮೊದಲ ಸಲ ಹೋದಾಗ, ಹೆಂಡತಿ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಅಕ್ಕ ದರ್ಜಿಯನ್ನೇ ಕೇಳುತ್ತಾ ನಲವತ್ತೇಳನೆಯ ಪ್ರಶ್ನೆಗೆ ಬಂದಳು. ‘ಕಳೆದ ಮೂರು ತಿಂಗಳಲ್ಲಿ, ಬೆಲೆಯ ಕಾರಣದಿಂದ, ನಿಮ್ಮ ಮನೆಯಲ್ಲಿ ಯಾರಾದರೂ ವೈದ್ಯರು ಹೇಳಿದ ಔಷಧಿಯನ್ನು ಕಡಿಮೆ ಮಾಡಿದ್ದಾರೆಯೇ ಅಥವಾ ನಿಲ್ಲಿಸಿದ್ದಾರೆಯೇ?’ ದರ್ಜಿ ಮಿಷನ್ನು ತುಳಿಯುವುದನ್ನು ನಿಲ್ಲಿಸಿದ. ಕೈಯಲ್ಲಿದ್ದ ಬಟ್ಟೆಯನ್ನೇ ನೋಡುತ್ತಾ ಕೂತ. ಅವನ ಕಿವಿ, ಕುತ್ತಿಗೆ ಎಲ್ಲ ಕೆಂಪಾದವು. ಅಕ್ಕನಿಗೆ ತನ್ನ ಅಪ್ಪನೇ ಎದುರಿಗೆ ಕೂತ ಹಾಗಾಯಿತು. ಅವನು ಬಾಯಿ ತೆರೆಯುವ ಮೊದಲೇ ಅವಳು ‘ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿ, ತಿಂಗಳಿಗೆ ಸ್ನಾನದ ಸೋಪು ಎಷ್ಟು ಬೇಕಾಗುತ್ತದೆ ಎಂಬ ನಲವತ್ತೆಂಟನೆಯ ಪ್ರಶ್ನೆಗೆ ಹಾರಿದಳು. ದರ್ಜಿ ನಿಟ್ಟುಸಿರು ಬಿಟ್ಟು, ಮೂರು ಎಂದ. ಅಂದೇ ನೋಟ್‌ಬುಕ್ಕಿನ ಮೂವತ್ತೆಂಟನೆಯ ಪುಟದಲ್ಲಿ ಒಂದು ಚುಕ್ಕೆ ಬಿತ್ತು.

ಅಲ್ಲಿಂದ ಇಪ್ಪತ್ತಮೂರು ಸಲ ಅವಳು ಆ ಮನೆಗೆ ಹೋದಳು. ಬರಬರುತ್ತಾ ಉತ್ತರ ಹೇಳುವ ಕೆಲಸ ಹೆಂಡತಿಯ ಪಾಲಿಗೆ ಬಂತು. ಅವಳು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವಳಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವಳು. ಎಣ್ಣೆ ಕಡಿಮೆ ಮಾಡಿದೆವು, ಬಸ್ಸು ಬಿಟ್ಟು ನಡೆದುಕೊಂಡು ಹೋಗುತ್ತೇವೆ, ಹೊಸ ಚಪ್ಪಲಿ ಮುಂದಿನ ವರ್ಷಕ್ಕೆ ಎಂದು ಎಲ್ಲವನ್ನೂ ಹೇಳುವಳು. ಅಕ್ಕ ನಲವತ್ತಾರು ಕೇಳಿ, ಹಾಳೆ ತಿರುವಿ, ನಲವತ್ತೆಂಟು ಕೇಳುವಳು. ನಡುವೆ ಒಂದು ಪ್ರಶ್ನೆ ಇತ್ತೆಂಬುದೇ ಹೆಂಡತಿಗೆ ತಿಳಿಯಲಿಲ್ಲ. ದರ್ಜಿಗೆ ತಿಳಿದಿತ್ತು. ಅವನು ಪ್ರತಿ ಸಲವೂ ಆ ಹೊತ್ತಿಗೆ ತಲೆ ತಗ್ಗಿಸಿಕೊಂಡು ಹೊಲಿಯುತ್ತಿದ್ದ. ನಾವಿಬ್ಬರೂ ಒಳ್ಳೆಯ ಒಪ್ಪಂದ ಮಾಡಿಕೊಂಡಿದ್ದೇವೆ ಎಂದು ಅಕ್ಕ ಅಂದುಕೊಂಡಿದ್ದಳು.

ಆರನೆಯ ವರ್ಷ ಮುಗಿಯುತ್ತಾ ಬಂದಾಗ ಸಂಶೋಧನೆಯ ಮೊದಲ ವರದಿ ಬಂತು. ಹೊಳೆಯುವ ಕಾಗದದ ದಪ್ಪ ಪುಸ್ತಕ. ಸೂಪರ್‌ವೈಸರು ಅಕ್ಕನನ್ನು ಕೂರಿಸಿಕೊಂಡು ಒಂದು ಪುಟವನ್ನು ಬಿಡಿಸಿ ತೋರಿಸಿದ. ಹನ್ನೊಂದು ದೇಶಗಳಲ್ಲಿ ಎಲ್ಲಿ ನೋಡಿದರೂ ಬೆಲೆ ಏರಿದಾಗ ಬಡವರು ಔಷಧಿಗೆ ಕತ್ತರಿ ಹಾಕಿದ್ದಾರೆ, ಅಕ್ಕನ ವಾರ್ಡಿನಲ್ಲಿ ಮಾತ್ರ ಹಾಗೆ ಮಾಡಿದವರು ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿನ ಜನ ಬೇರೆ ಏನನ್ನು ಬಿಟ್ಟರೂ ಔಷಧಿ ಬಿಡುವವರಲ್ಲ, ಇವರ ನಡವಳಿಕೆಯಿಂದ ಕಲಿಯುವುದಿದೆ ಎಂದು ಪಂಡಿತರು ಅರ್ಧ ಪುಟ ಹೊಗಳಿ ಬರೆದಿದ್ದರು. ಅಕ್ಕ ಉಬ್ಬಿಹೋದಳು. ನಮ್ಮ ಜನ, ನಮ್ಮ ಬೀದಿ ಎಂದು ಸಂಜೆ ಗಂಡನ ಹತ್ತಿರ ಹೇಳಿದ್ದೇ ಹೇಳಿದ್ದು. ಅದು ತನ್ನ ಪೆನ್ಸಿಲ್ಲಿನ ಚುಕ್ಕೆಗಳ ಹೊಗಳಿಕೆ ಎಂದು ಅವಳ ತಲೆಗೆ ಹೋಗಲೇ ಇಲ್ಲ. ಇದನ್ನು ಬರೆಯುವಾಗ ನನಗೇ ಸಿಟ್ಟು ಬರುತ್ತದೆ, ಅಷ್ಟು ಬುದ್ಧಿವಂತೆಗೆ ಅಷ್ಟೂ ಹೊಳೆಯಬಾರದೇ?

ಎರಡು ತಿಂಗಳಿಗೆ ವಾರ್ಡಿನ ಚಿಕಿತ್ಸಾಲಯದ ಗೋಡೆಗೆ ಒಂದು ನೋಟೀಸು ಅಂಟಿಸಿದರು. ಅಲ್ಲಿದ್ದ ಅರ್ಧ ಬೆಲೆಯ ಔಷಧಿ ಕೌಂಟರನ್ನು ನಗರದ ಇನ್ನೊಂದು ತುದಿಗೆ ಸಾಗಿಸಲಾಗುವುದು, ಅಂತರರಾಷ್ಟ್ರೀಯ ಅಧ್ಯಯನವೊಂದರ ಪ್ರಕಾರ ಅಗತ್ಯ ಅಲ್ಲಿ ಹೆಚ್ಚು ಎಂದಿತ್ತು. ಅಕ್ಕ ದಾರಿಯಲ್ಲಿ ಹೋಗುತ್ತಾ ನಿಂತು ಓದಿದಳು. ಪಕ್ಕದಲ್ಲಿ ನಿಂತವಳೊಬ್ಬಳು ಗೊಣಗಿದಾಗ, ಹೋಗಲಿ ಬಿಡು, ಇಲ್ಲದವರಿಗೆ ಸಿಗಲಿ ಎಂದು ಸಮಾಧಾನವನ್ನೂ ಹೇಳಿದಳು. ಆ ಮಾತು ನೆನಪಾದರೆ ಈಗಲೂ ಅವಳಿಗೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ವರದಿಯ ಗಡಿಬಿಡಿಯಲ್ಲಿ ಒಂದು ಸುತ್ತು ಸರ್ವೆ ನಿಂತುಹೋಗಿ, ಅವಳು ಮತ್ತೆ ದರ್ಜಿಯ ಮನೆಗೆ ಹೋದದ್ದು ಆರೇಳು ತಿಂಗಳ ನಂತರ. ಮಿಷನ್ನಿನ ಮುಂದೆ ಹೆಂಡತಿ ಕೂತಿದ್ದಳು. ದರ್ಜಿ ಗೋಡೆಗೆ ಒರಗಿಸಿದ ಕುರ್ಚಿಯಲ್ಲಿದ್ದ. ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಅಕ್ಕನನ್ನು ಕಂಡು ಏಳಲು ನೋಡಿದ, ಆಗಲಿಲ್ಲ. ಬಾಯಿ ಒಂದು ಬದಿಗೆ ಸೊಟ್ಟಗಾಗಿತ್ತು.

ಲಕ್ವ ಹೊಡೆದು ಎರಡು ತಿಂಗಳಾಯಿತು ಎಂದು ಹೆಂಡತಿ ಕೆಲಸ ನಿಲ್ಲಿಸದೆ ಹೇಳುತ್ತಾ ಹೋದಳು. ಅವನಿಗೆ ಬಿಪಿ ಇದ್ದದ್ದು ಹತ್ತು ವರ್ಷದಿಂದ. ದಿನಕ್ಕೊಂದು ಮಾತ್ರೆ ಎಂದು ಡಾಕ್ಟರು ಬರೆದುಕೊಟ್ಟದ್ದನ್ನು ದಿನ ಬಿಟ್ಟು ದಿನ ನುಂಗುತ್ತಿದ್ದ, ಅರ್ಧ ಬೆಲೆಗೆ ಸಿಗುತ್ತಿದ್ದಾಗಲೂ. ಕೌಂಟರು ಹೋದ ಮೇಲೆ ಎರಡು ಬಸ್ಸು ಹತ್ತಿ ಹೋಗಬೇಕು, ಅರ್ಧ ದಿನದ ಕೆಲಸ ಹಾಳು. ಚೆನ್ನಾಗೇ ಇದ್ದೇನಲ್ಲ ಎಂದು ಪೂರ್ತಿ ಬಿಟ್ಟುಬಿಟ್ಟ. ಒಂದು ಬೆಳಿಗ್ಗೆ ಬಟ್ಟೆ ಕತ್ತರಿಸುತ್ತಿದ್ದವನ ಕೈಯಿಂದ ಕತ್ತರಿ ಜಾರಿತು. ಬಗ್ಗಿ ತೆಗೆದುಕೊಳ್ಳಲು ಹೋದವನು ಅಲ್ಲೇ ಕುಸಿದ. ಕಾಲು ಒಂದಿಷ್ಟು ಬಂದೀತಂತೆ, ಕೈಯ ಆಸೆ ಬಿಡಿ ಎಂದಿದ್ದಾರೆ. ಕಾಲರ್ ಕೊಡುವವರು ಈಗ ಯಾರೂ ಬರುವುದಿಲ್ಲ, ಅಂಚು ಹೊಲಿಯುವ ಕೆಲಸ ಮಾತ್ರ ಸಿಗುತ್ತದೆ ಎಂದಳು.

ಇಷ್ಟು ಹೇಳಿ ಅವಳು ಕಣ್ಣೊರೆಸಿಕೊಂಡು, ನೀವು ನಿಮ್ಮ ಕೆಲಸ ನೋಡಿ ಅಕ್ಕ ಎಂದಳು. ಅಕ್ಕ ಹಲಗೆ ತೊಡೆಯ ಮೇಲಿಟ್ಟುಕೊಂಡು ಒಂದರಿಂದ ಶುರು ಮಾಡಿದಳು. ಬಾಯಿ ತನ್ನಷ್ಟಕ್ಕೆ ಓದುತ್ತಿತ್ತು. ನಲವತ್ತಾರು ಆಯಿತು. ಹಾಳೆ ತಿರುವಿದಳು. ಇಷ್ಟು ವರ್ಷದ ರೂಢಿ, ಬಾಯಿ ನೇರ ನಲವತ್ತೆಂಟಕ್ಕೆ ಹೋಯಿತು. ತಿಂಗಳಿಗೆ ಸ್ನಾನದ ಸೋಪು ಎಷ್ಟು?

"ಎರಡು ಅಂತ ಬರ್ಕೊಳ್ಳಿ," ಎಂದಳು ಹೆಂಡತಿ. ಆಮೇಲೆ ದಾರ ಪೋಣಿಸುತ್ತಾ, ಯಾರ ಮೇಲೂ ಕೋಪವಿಲ್ಲದೆ ಹೇಳಿದಳು: "ಸೋಪು ಕೇಳ್ತಾರೆ, ಚಪ್ಪಲಿ ಕೇಳ್ತಾರೆ, ಸಂತೋಷಕ್ಕೆ ಏನು ತಗೊಂಡ್ರಿ ಅಂತಾನೂ ಕೇಳ್ತಾರೆ. ಔಷಧಿ ವಿಷಯ ಒಂದು ಮಾತೂ ಕೇಳಲ್ವಲ್ಲ ಅಕ್ಕ. ದೊಡ್ಡ ದೊಡ್ಡ ಓದಿದವರಿಗೆ ಇದು ಹೊಳೆಯೋದೇ ಇಲ್ವೇನೋ."

ಅಕ್ಕ ತಲೆ ಎತ್ತಿದಳು. ದರ್ಜಿ ಅವಳನ್ನೇ ನೋಡುತ್ತಿದ್ದ. ಒಂದು ಗಳಿಗೆ ನೋಡಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಅಕ್ಕ ಉಳಿದ ಪ್ರಶ್ನೆಗಳನ್ನು ಹೇಗೆ ಮುಗಿಸಿದಳೋ, ಮನೆಗೆ ಯಾವ ದಾರಿಯಲ್ಲಿ ಬಂದಳೋ ಅವಳಿಗೇ ನೆನಪಿಲ್ಲ. ಬಂದವಳು ಊಟದ ಮೇಜಿನ ಮೇಲೆ ನೋಟ್‌ಬುಕ್ ಬಿಡಿಸಿ, ನಲವತ್ತೇಳರ ಪಕ್ಕ ಚುಕ್ಕೆ ಇರುವ ಪುಟಗಳನ್ನು ಮಡಚುತ್ತಾ ಹೋದಳು. ಇಪ್ಪತ್ತಮೂರು ಮನೆ. ಒಂದೊಂದು ಪುಟದಲ್ಲೂ ಒಂದೊಂದು ಮುಖ ಕಂಡಿತು. ಗಂಡ ಬಂದು ಏನಾಯಿತೆಂದು ಕೇಳಿದ. ಅವಳು ಮೊದಲ ಬಾರಿಗೆ ಎಲ್ಲವನ್ನೂ ಹೇಳಿದಳು. ಅವನು ತಮಾಷೆ ಮಾಡಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದು ಕೂತು, ಆಫೀಸಿಗೆ ಹೋಗಿ ಹೇಳಿಬಿಡು ಎಂದ.

ಅವಳು ಹೇಳಿದ್ದನ್ನೆಲ್ಲ ಸೂಪರ್‌ವೈಸರು ಬಾಗಿಲು ಹಾಕಿಕೊಂಡು ಕೇಳಿಸಿಕೊಂಡ. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿವೃತ್ತಿಗೆ ಎಂಟು ತಿಂಗಳಿದೆ, ವರದಿ ಅಚ್ಚಾಗಿ ಹೋಗಿದೆ, ಈಗ ಇದನ್ನೆಲ್ಲ ಕೆದಕಿ ಯಾರಿಗೇನು ಲಾಭ ಎಂದು ತಿಳಿಹೇಳಿದ. ಅವಳು ಕದಲದೆ ಕೂತಿದ್ದನ್ನು ನೋಡಿ ದನಿ ತಗ್ಗಿಸಿದ.

"ಕೇಳಿದ್ರೂ ಅವರು ಇಲ್ಲ ಅಂತಾನೇ ಹೇಳ್ತಿದ್ರು ಅಕ್ಕ. ಮರ್ಯಾದೆಯಿಂದ ಬದುಕೋರು ಇಂಥದ್ದನ್ನ ಬಾಯಿಬಿಟ್ಟು ಒಪ್ಕೊಳ್ತಾರಾ? ಸುಮ್ನೆ ನಿಮ್ಮ ತಲೆ ಮೇಲೆ ಹಾಕ್ಕೋಬೇಡಿ."

ಈ ಮಾತು ಅವಳಿಗೆ ಊರುಗೋಲು ಸಿಕ್ಕ ಹಾಗಾಯಿತು. ಹೌದಲ್ಲ, ಅಪ್ಪನೂ ಮೂರು ಹೊತ್ತು ಅಂದೇ ಹೇಳಿದ್ದನಲ್ಲ ಎಂದುಕೊಂಡಳು. ಆದರೂ ಹಟ ಬಿಡದೆ ಇಪ್ಪತ್ತಮೂರು ಮನೆಗಳ ನಂಬರು ಬರೆದು, ಕೆಳಗೆ ಸಹಿ ಹಾಕಿ ಕೊಟ್ಟಳು. ಆ ಮನೆಗಳಿಗೆ ಮತ್ತೆ ಹೋಗಿ ಸರಿಯಾಗಿ ಕೇಳುತ್ತೇನೆ, ಸಂಬಳ ಬೇಡ, ಅವಕಾಶ ಕೊಡಿ ಎಂದೂ ಬರೆದಳು. ಅವನು ಒಲ್ಲದ ಮನಸ್ಸಿನಿಂದಲೇ ಅದನ್ನು ಸಮುದ್ರದಾಚೆ ಕಳಿಸಿದ.

ಐದು ವಾರಕ್ಕೆ ಉತ್ತರ ಬಂತು. ಬಹಳ ಸೌಜನ್ಯದ ಕಾಗದ. ಪ್ರಾಮಾಣಿಕತೆಗೆ ಧನ್ಯವಾದ ಹೇಳಿದ್ದರು. ಯಾವ ಉತ್ತರ ನಿಜ, ಯಾವುದು ಅಲ್ಲ ಎಂದು ಇನ್ನು ಬೇರ್ಪಡಿಸಲು ಸಾಧ್ಯವಿಲ್ಲದ್ದರಿಂದ ಆ ವಾರ್ಡಿನ ಅರವತ್ತನಾಲ್ಕು ಮನೆಗಳ ಆರು ವರ್ಷದ ಎಲ್ಲ ಉತ್ತರಗಳನ್ನೂ ಸಂಶೋಧನೆಯಿಂದ ತೆಗೆದುಹಾಕಲಾಗಿದೆ, ಮುಂದೆಯೂ ಅಲ್ಲಿ ಸರ್ವೆ ಇರುವುದಿಲ್ಲ ಎಂದು ತಿಳಿಸಿದ್ದರು. ಎಣ್ಣೆ ಕಡಿಮೆ ಮಾಡಿದ್ದು, ಬಸ್ಸು ಬಿಟ್ಟು ನಡೆದದ್ದು, ಜನ ಸತ್ಯವಾಗಿ ಹೇಳಿದ್ದ ಅಷ್ಟೂ ಮಾತುಗಳು ಸುಳ್ಳಿನ ಜೊತೆಗೆ ಗುಡಿಸಿಕೊಂಡು ಹೋದವು. ಅಕ್ಕ ಆ ಕಾಗದದ ಪ್ರತಿ ಹಿಡಿದುಕೊಂಡು ನಗರಸಭೆಗೂ ಅಲೆದಳು. ಅಲ್ಲಿನ ಗುಮಾಸ್ತ ಓದಿ ನೋಡಿ, ಕೌಂಟರು ಬೇಡ ಅನ್ನುವುದಕ್ಕೆ ಇದ್ದ ಆಧಾರ ಹೋಯಿತು ನಿಜ, ಆದರೆ ಬೇಕು ಅನ್ನುವುದಕ್ಕೂ ಆಧಾರವಿಲ್ಲವಲ್ಲಮ್ಮ ಎಂದು ವಾಪಸು ಕೊಟ್ಟ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಕೊನೆಗೆ ಉಳಿದದ್ದು ದರ್ಜಿಯ ಮನೆ. ಹೋಗಬೇಕು ಎಂದು ನಾಲ್ಕು ಸಲ ಹೊರಟು ಬೀದಿಯ ತಿರುವಿನಿಂದ ಹಿಂದೆ ಬಂದಳು. ಐದನೆಯ ಸಲ ಹೋದಾಗ ಮಧ್ಯಾಹ್ನ. ದರ್ಜಿಯನ್ನು ಅವನ ತಮ್ಮ ಕಾಲಿನ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಹೆಂಡತಿ ಒಬ್ಬಳೇ ಇದ್ದಳು. ಹೆಗಲಲ್ಲಿ ಚೀಲವಿಲ್ಲದ ಅಕ್ಕನನ್ನು ನೋಡಿ, ಇದೇನು ಬರಿಗೈಯಲ್ಲಿ ಎಂದು ನಕ್ಕು ಕುರ್ಚಿ ಎಳೆದಳು. ಅಕ್ಕ ಕೂರಲಿಲ್ಲ. ನಿಂತುಕೊಂಡೇ, ಮೊದಲ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ವರದಿಯನ್ನು ಹೇಳಿದಳು, ಕೌಂಟರು ಹೋದದ್ದು ಏಕೆಂದು ಹೇಳಿದಳು. ಹೇಳುವಾಗ ಅಳಬಾರದೆಂದು ಬಂದಿದ್ದಳು, ಅದು ಆಗಲಿಲ್ಲ.

ಹೆಂಡತಿ ಕೇಳುತ್ತಾ ಕೇಳುತ್ತಾ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟಳು. ಆ ಪ್ರಶ್ನೆ ಹೇಗಿತ್ತು ಎಂದು ಕೇಳಿದಳು. ಅಕ್ಕ ಅದನ್ನು ಒಂದಕ್ಷರ ಹೆಚ್ಚುಕಡಿಮೆ ಮಾಡದೆ, ಅಚ್ಚಾಗಿದ್ದಂತೆಯೇ ಹೇಳಿದಳು.

"ಹೌದು, ಕಡಿಮೆ ಮಾಡಿದ್ರು," ಎಂದಳು ಹೆಂಡತಿ. "ನನ್ನನ್ನ ಕೇಳಿದ್ರೆ ಹೇಳ್ತಿದ್ದೆ ಅಕ್ಕ. ಅವರು ಎದುರಿಗೆ ಕೂತಿದ್ರೂ ಹೇಳ್ತಿದ್ದೆ. ನನ್ನ ಮಾತಂತೂ ಅವರು ಕೇಳ್ತಿರಲಿಲ್ಲ, ಹೊರಗಿನೋರು ಯಾರಾದ್ರೂ ಒಂದ್ಸಲ ಕೇಳ್ಲಿ ಅಂತ ನಾನು ಕಾಯ್ತಾನೇ ಇದ್ದೆ."

ಹೆಂಡತಿ ಎದ್ದು ಬಂದು ಅವಳೆದುರು ನಿಂತು, ಬೈಯದೆ, ಬೇಡುವವಳಂತೆಯೂ ಅಲ್ಲದೆ, ಇಷ್ಟು ವರ್ಷ ಉತ್ತರ ಕೊಟ್ಟ ಅದೇ ದನಿಯಲ್ಲಿ, "ಈಗಲಾದ್ರೂ ಹೌದು ಅಂತ ಬರ್ಕೊಳ್ಳಿ. ಬರ್ಕೊಂಡು ಕಳಿಸಿ," ಎಂದಳು.

ಅವರ ಮನೆ ಈಗ ಪಟ್ಟಿಯಲ್ಲೇ ಇಲ್ಲ ಎಂಬುದನ್ನು ಅಕ್ಕ ಇನ್ನೂ ಹೇಳಿರಲಿಲ್ಲ. ಅದನ್ನೂ ಹೇಳಿದಳು.